ಟೊಮೇಟೊ ಗಿಡದ ಅಂಗಮಾರಿ ರೋಗ

ಮುಂಬಯಿಯಲ್ಲಿ ನಮಗೆ ಹಿತ್ತಿಲೆಂಬುದಿಲ್ಲ. ಗ್ಯಾಲರಿಯ ಕಂಬಿಯ ಬಳಿ ಹಳೆಯ ಎಣ್ಣೆಡಬ್ಬದಲ್ಲಿ ಮಣ್ಣು ತುಂಬಿ ಒಂದು ಟೊಮೇಟೊ ಸಸಿ ನೆಟ್ಟರೆ ಅದೇ ನಮ್ಮ ತೋಟ. ಮಳೆಗಾಲ ಮುಗಿದು ಅಕ್ಟೋಬರದಲ್ಲಿ ನೆಟ್ಟ ಗಿಡವು ಕಾಯಿ ಹಿಡಿಯುವ ಹೊತ್ತಿಗೆ ಬುಡದ ಎಲೆಗಳಲ್ಲಿ ಕಂದು ಚುಕ್ಕೆಗಳು ತೋರುವುದುಂಟು. ಚುಕ್ಕೆಯನ್ನು ಹತ್ತಿರದಿಂದ ನೋಡಿದರೆ ಬಳೆಯೊಳಗೆ ಬಳೆಯಿಟ್ಟಂತೆ ಉಂಗುರಗಳು ಕಾಣುತ್ತವೆ; ಸುತ್ತಲೂ ಹಳದಿ ಬಣ್ಣ. ಇದೇ ಅಂಗಮಾರಿ. ಆಲ್ಟರ್ನೇರಿಯಾ ಎಂಬ ಶಿಲೀಂಧ್ರವು ಇದಕ್ಕೆ ಕಾರಣ.

ಅಂಗಮಾರಿಯಲ್ಲಿ ಇನ್ನೊಂದು ಬಗೆಯಿದೆ. ಅದು ತಂಪು ಹವೆಯನ್ನು ಬಯಸುವುದರಿಂದ ಮುಂಬಯಿಯ ಸೆಕೆಯಲ್ಲಿ ಅಷ್ಟಾಗಿ ತಲೆಯೆತ್ತದು. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಯನ್ನು ಕೊಳೆಯಿಸಿ ಘೋರವಾದ ಕ್ಷಾಮವನ್ನು ತಂದದ್ದು ಅದೇ. ನಮ್ಮ ಮಲೆನಾಡಿನಲ್ಲಿಯೂ ದಕ್ಷಿಣ ಕನ್ನಡದಲ್ಲಿಯೂ ಅಡಿಕೆಗೆ ತಗಲುವ ಕೊಳೆರೋಗವು ಆ ಕುಲದ್ದೇ ಆಗಿದೆ.

ಮಳೆ ಹಿಡಿಯುವ ಮುನ್ನ ಊರಿನಲ್ಲಿ ಅಡಿಕೆಗೊನೆಗಳಿಗೆ ನೀಲಿ ಮದ್ದು ಸಿಂಪಡಿಸುವುದನ್ನು ನಮ್ಮಲ್ಲಿ ಹಲವರು ಕಂಡಿರಬಹುದು. ಮೈಲುತುತ್ತ ಮತ್ತು ಸುಣ್ಣಗಳ ಈ ಬೋರ್ಡೋ ದ್ರಾವಣದ ಹುಟ್ಟು ವಿನೋದವಾದುದು. ಫ್ರಾನ್ಸಿನ ಬೋರ್ಡೋ ಪ್ರಾಂತದಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ರೈತರು ಬಳ್ಳಿಗಳಿಗೆ ಇದನ್ನು ಬಳಿಯುತ್ತಿದ್ದರು. ಹಾಗೆ ಬಳಿದ ಬಳ್ಳಿಗಳಿಗೆ ರೋಗವಿಲ್ಲದ್ದನ್ನು ಮಿಲಾರ್ಡೆ ಎಂಬ ವಿಜ್ಞಾನಿಯು ಗಮನಿಸಿ, 1885ರಲ್ಲಿ ಅದರ ಗುಣವನ್ನು ಪ್ರಕಟಿಸಿದನು. ಮೈಸೂರು ಸಂಸ್ಥಾನದ ಅಡಿಕೆ ತೋಟಗಳಲ್ಲಿ ಅದರ ಬಳಕೆಯನ್ನು ರೂಢಿಗೆ ತಂದವರು ಕೆನಡಾದಿಂದ ಬಂದ ಕೋಲ್ಮನ್ ಅವರು.

ಆದರೆ ಈ ಮದ್ದು ಬೇಲಿಯೇ ಹೊರತು ಚಿಕಿತ್ಸೆಯಲ್ಲ. ಎಲೆಯೊಳಗೆ ಹೊಕ್ಕ ಶಿಲೀಂಧ್ರವನ್ನು ಅದು ಮುಟ್ಟಲಾರದು. ಆದುದರಿಂದ ಚುಕ್ಕೆ ಕಂಡ ಎಲೆಯನ್ನು ಅಂದೇ ಚಿವುಟಿ ಕಸಕ್ಕೆ ಹಾಕಬೇಕು; ಗೊಬ್ಬರದ ಕುಂಡಕ್ಕಲ್ಲ. ಹಸುರೆಲೆಯನ್ನು ಕೀಳಲು ಮನಸ್ಸು ಬಾರದು ನಿಜ, ಆದರೆ ಆ ಒಂದು ಎಲೆಯ ಮೇಲಿನ ಮರುಕಕ್ಕೆ ಇಡೀ ಗಿಡವೇ ಬೆಲೆ ತೆರುತ್ತದೆ. ನೀರನ್ನು ಬೆಳಿಗ್ಗೆ ಬುಡಕ್ಕೆ ಮಾತ್ರ ಹಾಕಬೇಕು. ಮಣ್ಣಿನಿಂದ ಸಿಡಿದ ಹನಿಯೊಡನೆ ರೋಗವು ಎಲೆಗೆ ಹತ್ತುವುದರಿಂದ ಬುಡಕ್ಕೆ ಒಣಹುಲ್ಲು ಹೊದಿಸುವುದು ಲೇಸು. ಮರುವರ್ಷ ಅದೇ ಮಣ್ಣಿನಲ್ಲಿ ಟೊಮೇಟೊ, ಬದನೆ ಬೇಡ, ಮೆಂತ್ಯ ಬಿತ್ತಬಹುದು.

ಇಷ್ಟಾದ ಮೇಲೆ ಹಿರಿಯರ ಕೈಯಿಂದ ಮದ್ದು ಮಾಡಿಸಬಹುದು. ಅರ್ಧ ಲೀಟರು ನೀರಿನಲ್ಲಿ 10 ಗ್ರಾಂ ಮೈಲುತುತ್ತ, ಇನ್ನರ್ಧದಲ್ಲಿ 10 ಗ್ರಾಂ ಸುಣ್ಣ ಕದಡಿ, ಮೊದಲಿನದನ್ನು ಸುಣ್ಣದ ನೀರಿಗೆ ಹೊಯ್ಯಬೇಕು. ಪಾತ್ರೆ ಲೋಹದ್ದಾಗಿರಕೂಡದು. ಕಬ್ಬಿಣದ ಚೂರಿಯನ್ನು ಅದ್ದಿದಾಗ ಕೆಂಪು ಲೇಪ ಕಂಡರೆ ಸುಣ್ಣ ಸಾಲದೆಂದರ್ಥ. ಹಾಗೆಯೇ ಸಿಂಪಡಿಸಿದರೆ ಎಲೆ ಸುಟ್ಟೀತು. ಮಾಡಿದ ದಿನವೇ ಬಳಸತಕ್ಕದ್ದು. ಹಣ್ಣನ್ನು ಚೆನ್ನಾಗಿ ತೊಳೆದೇ ತಿನ್ನಬೇಕು.