ತೇವ ಹುಡುಕಿ ಬಾಳುವ ಬಹುಪಾದಿಗಳು

ಜರಿಯೂ ಕೀಟವಲ್ಲ, ಸಹಸ್ರಪದಿಯೂ ಕೀಟವಲ್ಲ. ಕೀಟಕ್ಕೆ ಆರು ಕಾಲು, ಜೇಡ-ಚೇಳುಗಳಿಗೆ ಎಂಟು. ಜರಿ, ಸಹಸ್ರಪದಿಗಳೆರಡೂ ಸೇರುವುದು ಬಹುಪಾದಿಗಳೆಂಬ ಬೇರೆ ಗುಂಪಿಗೆ. ಈ ಗುಂಪು ನೆಲದ ಮೇಲೆ ಬಾಳಲು ತೊಡಗಿ 40 ಕೋಟಿ ವರ್ಷ ದಾಟಿದೆ. ಆದರೂ ಮೈಯ ನೀರನ್ನು ಹಿಡಿದಿಡುವ ಮೇಣದ ಲೇಪ ಇವುಗಳಿಗೆ ಕೀಟಗಳಷ್ಟು ಚೆನ್ನಾಗಿ ದಕ್ಕಿಲ್ಲ. ಬಿಸಿಲಿಗೆ ಸಿಕ್ಕರೆ ಬೇಗ ಒಣಗಿ ಸಾಯುತ್ತವೆ. ತುಮಕೂರಿನಂಥ ಬಯಲುಸೀಮೆಯಲ್ಲಿ ಇವುಗಳನ್ನು ಹುಡುಕುವವರು ತೇವ ಎಲ್ಲಿದೆಯೆಂದು ನೋಡಿದರೆ ಸಾಕು: ಗುಬ್ಬಿಯ ಅಡಿಕೆ ತೋಟಗಳಲ್ಲಿ ಕೊಳೆಯುವ ಹಾಳೆ-ಸೋಗೆಯ ಅಡಿ, ಕುಣಿಗಲ್ ಕೆರೆಯ ಕೆಳಗಿನ ಗದ್ದೆಬದು, ದೇವರಾಯನದುರ್ಗದ ಬಂಡೆಸಂದು. ನಗರದಲ್ಲಾದರೆ ಬಚ್ಚಲುಮನೆ.

ಜರಿಯ ಮೈ ಚಪ್ಪಟೆ. ಒಂದು ಖಂಡಕ್ಕೆ ಒಂದೇ ಜೊತೆ ಕಾಲು. ಜಾತಿಗೆ ತಕ್ಕಂತೆ 15ರಿಂದ 191 ಜೊತೆ ಇರಬಹುದು, ಆದರೆ ಎಣಿಕೆ ಬೆಸಸಂಖ್ಯೆಯಲ್ಲೇ ನಿಲ್ಲುತ್ತದೆ. ನಮ್ಮ ಕಡೆಯ ದೊಡ್ಡ ಜರಿಗಳಿಗೆ ಸಾಮಾನ್ಯವಾಗಿ 21 ಜೊತೆ. ದಕ್ಷಿಣ ಭಾರತದ ಸ್ಕೊಲೊಪೆಂಡ್ರಾ ಹಾರ್ಡ್‌ವಿಕೈ ಜರಿಗೆ ಕೇಸರಿ-ಕಪ್ಪು ಪಟ್ಟೆಗಳಿದ್ದು, ಅವು ದೂರದಿಂದಲೇ ಎಚ್ಚರಿಕೆ ಕೊಡುತ್ತವೆ. ಜರಿ ಕಚ್ಚುತ್ತದೆ ಎನ್ನುವುದು ರೂಢಿ. ನಿಜಕ್ಕೂ ಅದು ಚುಚ್ಚುವುದು ತಲೆಯ ಕೆಳಗೆ ಮಡಚಿಕೊಂಡಿರುವ, ವಿಷದ ಕೊಂಡಿಯಾಗಿ ಮಾರ್ಪಟ್ಟ ಮೊದಲ ಜೊತೆ ಕಾಲಿನಿಂದ. ಉರಿ, ಊತ ಜೋರಾಗಿರುತ್ತದೆ. ಸಾವು ತೀರಾ ಅಪರೂಪ. ಗಾಯವನ್ನು ಸೋಪುನೀರಿನಲ್ಲಿ ತೊಳೆದು, ತಾಳುವಷ್ಟು ಬಿಸಿನೀರಿನಲ್ಲಿ ಇಟ್ಟರೆ ನೋವು ತಗ್ಗುತ್ತದೆ. ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಇಷ್ಟು ಉಗ್ರವಾದ ಬೇಟೆಗಾರನೇ ತಾಯಿಯಾದಾಗ ಮೊಟ್ಟೆಗಳ ಸುತ್ತ ಮೈ ಸುರುಳಿಸಿ, ಮರಿ ಹೊರಬರುವವರೆಗೂ ಕಾಯುತ್ತದೆ.

ಸಹಸ್ರಪದಿಯದು ಬೇರೆಯೇ ದಾರಿ. ಉರುಟಾದ ಮೈ, ನಿಧಾನ ನಡಿಗೆ, ಹೆಚ್ಚಿನ ಉಂಗುರಗಳಿಗೆ ಎರಡೆರಡು ಜೊತೆ ಕಾಲು. 2021ರಲ್ಲಿ ವರ್ಣಿಸಲಾದ ಪಶ್ಚಿಮ ಆಸ್ಟ್ರೇಲಿಯಾದ ಯೂಮಿಲಿಪಿಸ್ ಪರ್ಸಿಫೊನೆಯಲ್ಲಿ 1,306 ಕಾಲುಗಳು ಸಿಕ್ಕವು. ಹೆಚ್ಚಿನವು ಸಾವಿರದ ಹತ್ತಿರಕ್ಕೂ ಬರುವುದಿಲ್ಲ. ಮುಟ್ಟಿದೊಡನೆ ಸುರುಳಿಯಾಗುವ ಕೆಲವು ಜಾತಿಗಳು ಪಕ್ಕದ ರಂಧ್ರಗಳಿಂದ ಬೆಂಜೊಕ್ವಿನೋನ್ ಎಂಬ ರಾಸಾಯನಿಕವನ್ನು ಒಸರಿಸುತ್ತವೆ. ಬೆರಳಿಗೆ ಹತ್ತಿದ ಕಂದು ಕಲೆ ದಿನಗಟ್ಟಲೆ ಹೋಗುವುದಿಲ್ಲ. ಇನ್ನು ಕೆಲವು ಸಯನೈಡನ್ನೇ ಬಿಡುತ್ತವೆ. ಕಣ್ಣು ಉಜ್ಜಿಕೊಳ್ಳುವ ಮೊದಲು ಕೈ ತೊಳೆಯಲೇಬೇಕು.

ತೋಟಗಾರರಿಗೆ ಇವು ನೆರವಿನ ಜೀವಿಗಳೇ. ಸತ್ತ ಎಲೆಯನ್ನು ತಿಂದು, ಪುಡಿಯಾದ ಹಿಕ್ಕೆಯಾಗಿ ಹಿಂದಿರುಗಿಸುವುದರಿಂದ ಶಿಲೀಂಧ್ರ, ಬ್ಯಾಕ್ಟೀರಿಯಾಗಳ ಕೆಲಸ ಹಗುರಾಗುತ್ತದೆ. ಪಶ್ಚಿಮ ಘಟ್ಟದ ಆರ್ಥ್ರೊಸ್ಫೇರಾ ಎಂಬ ಗುಂಡುಸುತ್ತುವ ಸಹಸ್ರಪದಿಗಳಿಂದ ಗೊಬ್ಬರ ಮಾಡುವ ಬಗೆಯನ್ನು ಮಂಗಳೂರು ವಿಶ್ವವಿದ್ಯಾಲಯದ ಸಂಶೋಧಕರು ಅಧ್ಯಯನ ಮಾಡಿದ್ದಾರೆ. ಎರೆಗೊಬ್ಬರಕ್ಕೆ ಸಿಕ್ಕಷ್ಟು ಹೆಸರು ಈ ಗೊಬ್ಬರಕ್ಕೆ ಸಿಗದಿರುವುದು ಅನ್ಯಾಯವೇ.

ಬಹುಪಾದಿಗಳ ಗುಂಪಿನ ಸಿಂಫೈಲಾ, ಪೌರೊಪೋಡಾ ಎಂಬ ಇನ್ನೆರಡು ವರ್ಗಗಳು ಮಣ್ಣಿನೊಳಗಿನ ಪುಟ್ಟ ಬಿಳಿ ಜೀವಿಗಳು. ಮಸೂರವಿಲ್ಲದೆ ನೋಡುವುದು ಕಷ್ಟ.

ಮತ್ತೆ ಜರಿಗಳ ಮಾತಿಗೆ ಬಂದರೆ, ಅವುಗಳಿಗೆ ರೆಕ್ಕೆಯಿಲ್ಲ, ಒಣನೆಲ ದಾಟುವ ತಾಕತ್ತೂ ಕಡಿಮೆ. ಹಾಗಾಗಿ ಇವು ಎಲ್ಲಿವೆ ಎಂಬುದರಲ್ಲೇ ಭೂಭಾಗದ ಹಳೆಯ ಚರಿತ್ರೆ ಅಡಗಿರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಾಹ್ನವಿ ಜೋಶಿ ಮತ್ತು ಪ್ರವೀಣ್ ಕಾರಂತ್ 2011ರಲ್ಲಿ ಪ್ರಕಟಿಸಿದ ಡಿಎನ್‌ಎ ಅಧ್ಯಯನ, ದಕ್ಷಿಣ ಭಾರತದ ಕೆಲವು ಜರಿಗಳ ಕವಲುಗಳು ಡೈನೊಸಾರ್‌ಗಳ ಕೊನೆಗಾಲದ ಆಸುಪಾಸಿನಲ್ಲಿ ಒಡೆದವೆಂದು ತೋರಿಸಿತು.