ಎದೆಗೂಡಿಗೆ ಇಳಿಯುವ ಕಲ್ಲು

ಸಂಡೂರಿನ ಗುಡ್ಡದ ಕಲ್ಲೊಂದನ್ನು ಕೈಯಲ್ಲಿ ಹಿಡಿದು ನೋಡಿ. ಕಡುಗೆಂಪು ಪಟ್ಟಿಯೊಂದು, ಅದಕ್ಕಂಟಿ ಬೂದುಬಿಳುಪಿನ ಪಟ್ಟಿಯೊಂದು, ಮತ್ತೆ ಕೆಂಪು, ಮತ್ತೆ ಬಿಳುಪು. ಸುಮಾರು 270 ಕೋಟಿ ವರ್ಷಗಳ ಹಿಂದೆ ಕಡಲ ತಳದಲ್ಲಿ ಪದರ ಪದರವಾಗಿ ಕೂತ ಕಲ್ಲು ಇದು. ಕೆಂಪು ಪಟ್ಟಿ ಹೆಮಟೈಟ್, ಅಂದರೆ ಕಬ್ಬಿಣದ ಅದಿರು. ಪೇಟೆಯಲ್ಲಿ ಬೆಲೆ ಇರುವುದು ಅದಕ್ಕೆ. ಗಣಿಯ ಕುರಿತ ಗದ್ದಲವೆಲ್ಲ ಅದರದ್ದೇ. ಬಿಳಿ ಪಟ್ಟಿಯ ಮಾತು ಬರುವುದು ಕಡಿಮೆ. ಅದು ಕ್ವಾರ್ಟ್ಜ್, ನಮ್ಮವರು ಬೆಣಚುಕಲ್ಲು ಎನ್ನುವಂಥದ್ದು, ರಾಸಾಯನಿಕವಾಗಿ ಸಿಲಿಕಾ. ಶ್ವಾಸಕೋಶದ ಮಟ್ಟಿಗೆ ಹೆಚ್ಚು ಅಪಾಯ ಇರುವುದು ಈ ಬಿಳಿ ಪಟ್ಟಿಯಲ್ಲಿ.

ಸಿಲಿಕಾ ಎಲ್ಲ ಕಡೆಯೂ ಇದೆ. ಹಂಪಿಯ ಬಂಡೆಗಳು ಗ್ರಾನೈಟ್. ಅವುಗಳಲ್ಲಿ ಕ್ವಾರ್ಟ್ಜ್ ಧಾರಾಳವಾಗಿದೆ. ತುಂಗಭದ್ರೆಯ ಮರಳಿನಲ್ಲೂ ಅದೇ ಹೆಚ್ಚು. ಆದರೂ ಹಂಪಿ ನೋಡಲು ಹೋದವರಿಗೆ, ಹೊಳೆಯ ದಂಡೆಯಲ್ಲಿ ಆಡುವ ಮಕ್ಕಳಿಗೆ ಏನೂ ಆಗುವುದಿಲ್ಲ. ಮರಳಿನ ಕಾಳು ದಪ್ಪ, ಮೂಗಿನ ಆಚೆ ದಾಟದು. ಮೇಲಾಗಿ ಯುಗಯುಗಗಳಿಂದ ನೀರಿನಲ್ಲಿ ಉರುಳಿ ಅದರ ಅಂಚು ಸವೆದಿದೆ. ತೊಂದರೆ ಶುರುವಾಗುವುದು ಕಲ್ಲನ್ನು ಕೊರೆದಾಗ, ಸಿಡಿಸಿದಾಗ, ಕ್ರಷರ್‌ನಲ್ಲಿ ಅರೆದಾಗ. ಆಗ ಹುಟ್ಟುವ ಕಣಗಳಲ್ಲಿ 5 ಮೈಕ್ರಾನ್‌ಗಿಂತ ಚಿಕ್ಕವು ಬೇಕಾದಷ್ಟು ಇರುತ್ತವೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಹೊಸದಾಗಿ ಒಡೆದ ಕಣದ ಮೈ ಹಳೆಯ ಕಣಕ್ಕಿಂತ ಹೆಚ್ಚು ವಿಷಕಾರಿ ಎಂಬುದೂ ಪ್ರಯೋಗಗಳಲ್ಲಿ ಕಂಡುಬಂದಿದೆ. ಗಣಿ ರಸ್ತೆಯ ಬದಿಯ ಗಿಡಗಳನ್ನು ಕೆಂಪಾಗಿಸುವ, ಕಣ್ಣಿಗೆ ಕಾಣುವ ದಪ್ಪ ಧೂಳಿನ ಬಹುಪಾಲನ್ನು ಮೂಗು ಮತ್ತು ಗಂಟಲ ಲೋಳೆ ಹಿಡಿದು ಹೊರಹಾಕುತ್ತವೆ. ಒಳಗಿಳಿಯುವುದು ಕಣ್ಣಿಗೆ ಕಾಣದ ಧೂಳು.

ಶ್ವಾಸನಾಳದ ಕೊಂಬೆಗಳ ತುದಿಯಲ್ಲಿ 30 ಕೋಟಿಗೂ ಮಿಕ್ಕಿ ಪುಟ್ಟ ಗಾಳಿಗೂಡುಗಳಿವೆ. ಆಮ್ಲಜನಕ ರಕ್ತಕ್ಕೆ ಸೇರುವುದು ಅವುಗಳ ತೆಳುಗೋಡೆಯ ಮೂಲಕ. ಅಲ್ಲಿ ಲೋಳೆಯಿಲ್ಲ, ಧೂಳನ್ನು ಮೇಲಕ್ಕೆ ತಳ್ಳುವ ಸೂಕ್ಷ್ಮ ರೋಮಗಳೂ ಇಲ್ಲ. ಅಲ್ಲಿನ ಶುಚಿಯ ಹೊಣೆ ಮ್ಯಾಕ್ರೋಫೇಜ್ ಎಂಬ ಭಕ್ಷಕ ಕೋಶಗಳದ್ದು. ನಾವು ಹುಟ್ಟುವ ಮೊದಲೇ ಇವುಗಳ ಪೂರ್ವಜ ಕೋಶಗಳು ಶ್ವಾಸಕೋಶಕ್ಕೆ ಬಂದು ಸೇರಿರುತ್ತವೆ. ಆಮೇಲೆ ಅಲ್ಲೇ ವಿಭಜನೆಗೊಂಡು ಸಂತತಿ ಉಳಿಸಿಕೊಳ್ಳುತ್ತವೆ. ಬ್ಯಾಕ್ಟೀರಿಯಾ, ಹೊಗೆಯ ಮಸಿ, ಹೂವಿನ ಪರಾಗ, ಸತ್ತ ಕೋಶ, ಸಿಕ್ಕಿದ್ದನ್ನೆಲ್ಲ ನುಂಗಿ ಕರಗಿಸುವುದು ಇವುಗಳ ಕೆಲಸ. ಮೈಗೆ ಹೊಕ್ಕದ್ದನ್ನು ಕೋಶಗಳು ಹೀಗೆ ನುಂಗುತ್ತವೆ ಎಂದು ತೋರಿಸಿಕೊಟ್ಟವರು ರಷ್ಯಾದ ಇಲ್ಯಾ ಮೆಚ್ನಿಕಾಫ್. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ನಕ್ಷತ್ರ ಮೀನಿನ ಪಾರದರ್ಶಕ ಮರಿಯ ಮೈಗೆ ಗುಲಾಬಿ ಮುಳ್ಳು ಚುಚ್ಚಿದರು. ಮರುದಿನ ಮುಳ್ಳಿನ ಸುತ್ತ ಕೋಶಗಳು ಮುತ್ತಿದ್ದವು. ಈ ದಾರಿಯ ಸಂಶೋಧನೆಗೆ 1908ರಲ್ಲಿ ಅವರಿಗೆ ನೊಬೆಲ್ ಬಂತು.

ಬ್ಯಾಕ್ಟೀರಿಯಾ ಸಿಕ್ಕಿದರೆ ಮ್ಯಾಕ್ರೋಫೇಜ್ ಅದನ್ನು ಪೊರೆಯ ಚೀಲದೊಳಗೆ ಎಳೆದುಕೊಂಡು, ಆಮ್ಲ ಮತ್ತು ಕಿಣ್ವ ತುಂಬಿದ ಲೈಸೋಸೋಮ್ ಎಂಬ ಇನ್ನೊಂದು ಚೀಲದೊಂದಿಗೆ ಬೆಸೆಯುತ್ತದೆ. ಬಂದದ್ದು ಅಲ್ಲಿ ಚೂರುಚೂರಾಗುತ್ತದೆ. ಸಿಲಿಕಾ ಕಣವನ್ನೂ ಅದು ಅಷ್ಟೇ ಶ್ರದ್ಧೆಯಿಂದ ನುಂಗುತ್ತದೆ. ಆದರೆ ಕಲ್ಲನ್ನು ಕರಗಿಸುವ ಕಿಣ್ವ ಅದರ ಬಳಿ ಇಲ್ಲ. ಗೋಣಿಚೀಲಕ್ಕೆ ಗಾಜಿನ ಚೂರು ತುಂಬಿ ಹೊತ್ತರೆ ಆಗುವಂತೆ ಚೀಲವೇ ಹರಿಯುತ್ತದೆ. ಬರೀ ಚೂಪಿನಿಂದಲ್ಲ, ಕಣದ ಮೇಲ್ಮೈಯ ರಾಸಾಯನಿಕ ಗುಣವೂ ಪೊರೆಯನ್ನು ಕೆಡಿಸುತ್ತದೆ. ಬೇರೆಯದನ್ನು ಅರಗಿಸಬೇಕಿದ್ದ ಕಿಣ್ವಗಳು ಕೋಶದೊಳಗೇ ಸೋರುತ್ತವೆ.

ಈ ಸೋರಿಕೆಯನ್ನು ಕೋಶ ಹೇಗೆ ಅರಿಯುತ್ತದೆ ಎಂಬುದು ಬಹುಕಾಲ ತಿಳಿದಿರಲಿಲ್ಲ. ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಯೂರ್ಗ್ ಚೋಪ್ ಅವರ ತಂಡ 2002ರಲ್ಲಿ ಕೋಶದೊಳಗಿನ ಒಂದು ಪ್ರೋಟೀನ್ ಜೋಡಣೆಯನ್ನು ಗುರುತಿಸಿ ಇನ್‌ಫ್ಲಮಸೋಮ್ ಎಂದು ಹೆಸರಿಟ್ಟಿತು. ಉರಿಯೂತ ಹೊತ್ತಿಸುವ ಯಂತ್ರ ಅದು. ಅಂಥ ಯಂತ್ರಗಳಲ್ಲಿ ಒಂದರ ಹೆಸರು ಎನ್‌ಎಲ್‌ಆರ್‌ಪಿ3. 2008ರಲ್ಲಿ ಚೋಪ್ ತಂಡವೂ ಸೇರಿದಂತೆ ಮೂರು ಗುಂಪುಗಳು, ಸಿಲಿಕಾ ಕಣ ಎಬ್ಬಿಸುವುದು ಈ ಎನ್‌ಎಲ್‌ಆರ್‌ಪಿ3ಯನ್ನೇ ಎಂದು ತೋರಿಸಿದವು. ಅದು ಎದ್ದರೆ ಕ್ಯಾಸ್ಪೇಸ್-1 ಎಂಬ ಕತ್ತರಿ ಪ್ರೋಟೀನ್ ಕೆಲಸಕ್ಕಿಳಿಯುತ್ತದೆ; ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಸಂದೇಶವಾಹಕ ಸಿದ್ಧವಾಗಿ ಹೊರಬೀಳುತ್ತದೆ. ಕೋಶದ ಪೊರೆಯಲ್ಲಿ ರಂಧ್ರಗಳು ಬಿದ್ದು ಅದು ಒಡೆದು ಸಾಯುವುದೂ ಉಂಟು. ಕರೆ ಕೇಳಿ ರಕ್ತದಿಂದ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ನುಗ್ಗುತ್ತವೆ, ಹೊಸ ಭಕ್ಷಕ ಕೋಶಗಳು ಬರುತ್ತವೆ. ಅಷ್ಟರಲ್ಲಿ ಸತ್ತ ಕೋಶದಿಂದ ಹೊರಬಿದ್ದ ಕಲ್ಲಿನ ಕಣ ಮೊದಲಿದ್ದಂತೆಯೇ ಇರುತ್ತದೆ. ಬಂದ ಹೊಸ ಕೋಶ ಅದನ್ನೇ ನುಂಗುತ್ತದೆ. ಅದೂ ಸಾಯುತ್ತದೆ.

ಕೀಲುಗಳಲ್ಲಿ ಯೂರಿಕ್ ಆಮ್ಲದ ಹರಳು ಕೂತಾಗ ಬರುವ ಗೌಟ್ ನೋವಿನ ಹಿಂದೆಯೂ ಇದೇ ಎನ್‌ಎಲ್‌ಆರ್‌ಪಿ3 ಇದೆ. ಆದರೆ ಯೂರಿಕ್ ಆಮ್ಲವನ್ನು ಔಷಧಿಯಿಂದ ಇಳಿಸಬಹುದು, ಹರಳು ಕರಗುತ್ತದೆ. ಸಿಲಿಕಾ ಕರಗದು. ಹಾಗಾಗಿ ಕೆಲಸ ಬಿಟ್ಟು ವರ್ಷಗಳಾದರೂ ಒಳಗಿನ ಉರಿಯೂತ ನಿಲ್ಲದೆ ಸಾಗಬಹುದು. ಗಾಯ ಮುಚ್ಚಲು ಬಂದ ಫೈಬ್ರೋಬ್ಲಾಸ್ಟ್ ಕೋಶಗಳು ಕೊಲಾಜೆನ್ ನಾರನ್ನು ಸುರಿಯುತ್ತ ಹೋಗುತ್ತವೆ. ಗಾಳಿಗೂಡು ಇದ್ದಲ್ಲಿ ಗಟ್ಟಿ ಗಂಟು ಬೆಳೆಯುತ್ತದೆ. ಮೆಟ್ಟಿಲು ಹತ್ತುವಾಗ ಏದುಸಿರು, ಒಣ ಕೆಮ್ಮು. ಮುಂದೆ ಕೂತಲ್ಲೂ ಉಸಿರು ಸಾಲದು. ಇದೇ ಸಿಲಿಕೋಸಿಸ್. ಗುಣಪಡಿಸುವ ಔಷಧಿ ಇಲ್ಲ.

ಕರ್ನಾಟಕಕ್ಕೆ ಈ ಕಾಯಿಲೆ ಹೊಸದಲ್ಲ. ಭಾರತದಲ್ಲಿ ಇದರ ಮೊದಲ ದೊಡ್ಡ ದಾಖಲೆ ನಮ್ಮ ಕೋಲಾರದ ಚಿನ್ನದ ಗಣಿಯದ್ದೇ. 1947ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರರಲ್ಲಿ ಸುಮಾರು 44 ಜನರಿಗೆ ಸಿಲಿಕೋಸಿಸ್ ಕಂಡಿತ್ತು. ಕೋಲಾರದ್ದು ಆಳದ ಸುರಂಗ, ಸಂಡೂರಿನದು ಬಯಲ ಗಣಿ. ಗಾಳಿಯಾಡುವ ಕಡೆ ಧೂಳು ಚದುರುತ್ತದೆ. ಬರೀ ಕಬ್ಬಿಣದ ಧೂಳು ತರುವ ಸೈಡರೋಸಿಸ್ ಸಿಲಿಕೋಸಿಸ್‌ನಷ್ಟು ಕ್ರೂರಿಯೂ ಅಲ್ಲ. ಹಾಗೆಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ, ಬಿಳಿ ಪಟ್ಟಿ ಇದ್ದೇ ಇದೆ.

ಈ ಮಾತು ಈಗ ಎತ್ತಲು ಕಾರಣವಿದೆ. ಸಿಲಿಕೋಸಿಸ್ ಸಾಮಾನ್ಯವಾಗಿ ಹತ್ತು ವರ್ಷ, ಅದಕ್ಕೂ ಹೆಚ್ಚು ಕಾಲ ಧೂಳು ಕುಡಿದ ಮೇಲೆ ಹೊರಗೆ ಕಾಣಿಸಿಕೊಳ್ಳುತ್ತದೆ. 2000ದ ನಂತರ ಅದಿರಿನ ಬೆಲೆ ಏರಿದಾಗ ಹೊಸಪೇಟೆ, ಸಂಡೂರು ಸುತ್ತ ಸುತ್ತಿಗೆ ಹಿಡಿದು ಅದಿರು ಒಡೆದವರಿದ್ದರು, ಜರಡಿ ಹಿಡಿದವರಿದ್ದರು, ಹಗಲಿರುಳು ಲಾರಿ ಓಡಿಸಿದವರಿದ್ದರು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿದಾಗ ಅವರಲ್ಲಿ ಅನೇಕರು ಬೇರೆ ಬೇರೆ ಕೆಲಸಗಳಿಗೆ ಚದುರಿದರು. ಗಣಿ ಕಾನೂನಿನಲ್ಲಿ ಸಿಲಿಕೋಸಿಸ್ 1952ರಿಂದಲೂ ವರದಿ ಮಾಡಲೇಬೇಕಾದ ಕಾಯಿಲೆ. ಖಾಯಂ ಗಣಿ ಕಾರ್ಮಿಕರಿಗೆ ನಿಯತ ವೈದ್ಯಕೀಯ ತಪಾಸಣೆಯೂ ಇದೆ. ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದೆ ದುಡಿದವರಿಗೆ ಆ ತಪಾಸಣೆ ಎಲ್ಲಿಯದು? ಅವರ ಎದೆಯೊಳಗಿನ ಕಣಗಳು ಕೋರ್ಟಿನ ಆದೇಶದಿಂದ ನಿಂತಿಲ್ಲ.

ಇನ್ನೊಂದು ಅಪಾಯವನ್ನು ಬಿಡುವಂತಿಲ್ಲ. ಕ್ಷಯದ ಬ್ಯಾಕ್ಟೀರಿಯಾ ಮನೆ ಮಾಡುವುದೂ ಇದೇ ಮ್ಯಾಕ್ರೋಫೇಜಿನೊಳಗೆ. ನುಂಗಿದ ಕೋಶವನ್ನೇ ಅದು ತನಗೆ ಬೇಕಾದಂತೆ ಬಳಸಿಕೊಳ್ಳುವ ಬಗೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಿತ್ತಿಗಾನಹಳ್ಳಿ ನಾರಾಯಣಸ್ವಾಮಿ ಬಾಲಾಜಿ ವರ್ಷಗಳಿಂದ ಅಭ್ಯಾಸ ಮಾಡಿದ್ದಾರೆ. 2011ರಲ್ಲಿ ವೈದ್ಯವಿಜ್ಞಾನ ವಿಭಾಗದ ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿ ಅವರಿಗೆ ಸಂದಿತು. ಆರೋಗ್ಯವಂತ ಮ್ಯಾಕ್ರೋಫೇಜಿಗೇ ಕ್ಷಯ ಕಷ್ಟದ ಎದುರಾಳಿ. ಕಲ್ಲು ತಿಂದು ಬಳಲಿದ ಕೋಶಕ್ಕೆ ಅದನ್ನು ತಡೆಯುವ ಶಕ್ತಿ ಇನ್ನೂ ಕಡಿಮೆ. ಸಿಲಿಕೋಸಿಸ್ ಇದ್ದವರಿಗೆ ಕ್ಷಯ ಬರುವ ಸಾಧ್ಯತೆ ಬೇರೆಯವರಿಗಿಂತ ಹಲವು ಪಟ್ಟು. ಎಕ್ಸ್-ರೇಯಲ್ಲಿ ಎರಡೂ ಕೆಲವೊಮ್ಮೆ ಒಂದೇ ರೀತಿ ಕಾಣುವುದರಿಂದ ಒಂದನ್ನು ಇನ್ನೊಂದೆಂದು ತಿಳಿದು ಔಷಧಿ ಕೊಡುವುದೂ ನಡೆಯುತ್ತದೆ.

ಕಂಪ್ಲಿಯ ಗದ್ದೆಯ ಕಡೆಯವರಿಗೂ ಒಂದು ಮಾತು. ಭತ್ತದ ಹೊಟ್ಟಿನಲ್ಲೂ ಸಿಲಿಕಾ ಇದೆ, ಆದರೆ ಬೆಣಚುಕಲ್ಲಿನಂತೆ ಹರಳಿನ ರೂಪದಲ್ಲಲ್ಲ. ಹರಳಲ್ಲದ ಸಿಲಿಕಾ ಇಷ್ಟು ಕೆಡುಕು ಮಾಡುವುದಿಲ್ಲ. ಹೊಟ್ಟನ್ನು ತೀರಾ ಹೆಚ್ಚು ಶಾಖದಲ್ಲಿ ಸುಟ್ಟಾಗ ಬೂದಿಯಲ್ಲಿ ಅದು ಹರಳಾಗಬಹುದು. ಮಿಲ್ಲಿನ ಬಾಯ್ಲರ್ ಬೂದಿ ತುಂಬುವವರು ಒಣ ಬೂದಿಯನ್ನು ಹಾರಿಸದೆ ನೀರು ಚಿಮುಕಿಸಿ ತುಂಬುವುದು ಒಳ್ಳೆಯದು.

ರೋಗನಿರೋಧಕ ಶಕ್ತಿ ಹೆಚ್ಚಿಸುತ್ತೇವೆಂದು ಪುಡಿ, ಕಷಾಯ ಮಾರುವವರು ಎಲ್ಲೆಡೆ ಇದ್ದಾರೆ. ಸಿಲಿಕೋಸಿಸ್ ಬರುವುದು ಆ ಶಕ್ತಿಯ ಕೊರತೆಯಿಂದಲ್ಲ. ಕೋಶಗಳು ನುಂಗುವ ತಮ್ಮ ಕೆಲಸವನ್ನು ಬಿಡದೆ ಮಾಡುತ್ತವೆ, ಮಾಡಿದಷ್ಟೂ ಶ್ವಾಸಕೋಶ ಸುಡುತ್ತದೆ. ಧೂಳಿನ ಕೆಲಸದವರಿಗೆ ಬೆಲ್ಲ, ಬಾಳೆಹಣ್ಣು ಕೊಡುವ ರೂಢಿಯೂ ಇದೆ. ಅದು ಗಂಟಲಿಗೆ ಹಿತ, ಅನ್ನನಾಳದಲ್ಲಿ ಇಳಿದು ಹೊಟ್ಟೆ ಸೇರುತ್ತದೆ, ಗಾಳಿಗೂಡಿನ ಕಲ್ಲನ್ನು ತೊಳೆಯಲಾರದು. ಮುಖಕ್ಕೆ ಸುತ್ತಿದ ಟವೆಲ್ ದಪ್ಪ ಧೂಳನ್ನಷ್ಟೇ ತಡೆಯುತ್ತದೆ. ಇಂಟರ್‌ಲ್ಯೂಕಿನ್-1 ತಡೆಯುವ ಔಷಧಿಗಳು ಬೇರೆ ಕಾಯಿಲೆಗಳಿಗೆ ಇವೆಯಾದರೂ ಕಲ್ಲನ್ನು ಹೊರತೆಗೆಯುವ ಔಷಧಿ ಯಾವುದೂ ಇಲ್ಲ. ಕೊರೆಯುವಾಗಲೇ ನೀರು ಬಿಡುವುದು, ಕ್ರಷರ್‌ಗೆ ಮುಚ್ಚಿಗೆ ಹಾಕುವುದು, ಧೂಳನ್ನು ಹುಟ್ಟಿದಲ್ಲೇ ಎಳೆದುಕೊಳ್ಳುವ ಫ್ಯಾನ್ ಇಡುವುದು, ಅದೂ ಸಾಲದ ಕಡೆ ಮುಖಕ್ಕೆ ಬಿಗಿಯಾಗಿ ಕೂರುವ ಎನ್95ನಂಥ ಮಾಸ್ಕ್ ಕೊಡುವುದು: ಇದೆಲ್ಲ ಕೆಲಸ ಕೊಟ್ಟವರ ಹೊಣೆ, ಕಾರ್ಮಿಕ ಬೇಡಿ ಪಡೆಯಬೇಕಾದ ದಯೆಯಲ್ಲ.

ನೀವು ಅಥವಾ ನಿಮ್ಮ ಮನೆಯವರು ಗಣಿ, ಕಲ್ಲು ಕ್ವಾರಿ, ಕ್ರಷರ್ ಅಥವಾ ಅದಿರಿನ ಲಾರಿಯಲ್ಲಿ ದುಡಿದಿದ್ದು, ಈಗ ಕೆಮ್ಮು, ಏದುಸಿರು ಇದ್ದರೆ ದಯವಿಟ್ಟು ಎದೆಯ ಎಕ್ಸ್-ರೇ ತೆಗೆಸಿ. ಕಫ ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, ಕ್ಷಯದ ಔಷಧಿಯೂ ಉಚಿತ. ಬೀಡಿ, ಸಿಗರೇಟು ಇದ್ದರೆ ಬಿಡಿ. ಎಲ್ಲಕ್ಕಿಂತ ಮುಖ್ಯವಾಗಿ, ಹಿಂದೆ ಎಲ್ಲಿ, ಎಷ್ಟು ವರ್ಷ, ಎಂಥ ಧೂಳಿನಲ್ಲಿ ಕೆಲಸ ಮಾಡಿದ್ದಿರೆಂದು ಡಾಕ್ಟರು ಕೇಳದಿದ್ದರೂ ನೀವಾಗಿಯೇ ಹೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ.