ಅಂಗಾಂಗ ದಾನ: ಸದ್ಭಾವನೆಗೆ ಕಾನೂನಿನ ರಕ್ಷಣೆ

ಮಿದುಳು ಸತ್ತಿದ್ದರೂ ವೆಂಟಿಲೇಟರಿನ ಬಲದಲ್ಲಿ ಹೃದಯ ಬಡಿಯುತ್ತಿರುವ ದೇಹದಿಂದ ಯಕೃತ್ತನ್ನೋ ಮೂತ್ರಪಿಂಡವನ್ನೋ ತೆಗೆದ ವೈದ್ಯರ ಮೇಲೆ, ಕಾನೂನಿನ ಬೆಂಬಲ ಇಲ್ಲದಿದ್ದರೆ, ಕೊಲೆಯ ಆರೋಪವನ್ನೇ ಹೊರಿಸಬಹುದಿತ್ತು. ಭಾರತದಲ್ಲಿ ಆ ಬೆಂಬಲ ದೊರೆತದ್ದು 1994ರ ಮಾನವ ಅಂಗಾಂಗ ಕಸಿ ಕಾಯ್ದೆಯಿಂದ. ಮಿದುಳು ಕಾಂಡದ ಸಾವನ್ನೂ ಅದು ಸಾವೆಂದು ಒಪ್ಪಿತು. 2011ರ ತಿದ್ದುಪಡಿಯಿಂದ ಅಂಗಾಂಶಗಳೂ ಅದರ ವ್ಯಾಪ್ತಿಗೆ ಬಂದವು.

ರಕ್ಷಣೆಯ ಮಾತಿರುವುದು 23ನೇ ಸೆಕ್ಷನ್ನಿನಲ್ಲಿ. ಕಾಯ್ದೆಗೆ ಅನುಸಾರವಾಗಿ ಸದ್ಭಾವನೆಯಿಂದ ಮಾಡಿದ, ಇಲ್ಲವೇ ಮಾಡಲು ಹೊರಟ ಕೆಲಸಕ್ಕಾಗಿ ಯಾರ ಮೇಲೂ ದಾವೆಯನ್ನಾಗಲಿ ಕ್ರಿಮಿನಲ್ ಮೊಕದ್ದಮೆಯನ್ನಾಗಲಿ ಹೂಡುವಂತಿಲ್ಲ. ‘ಯಾರ ಮೇಲೂ’ ಎಂದಿರುವುದರಿಂದ ಇದು ಶಸ್ತ್ರವೈದ್ಯರಿಗೆ ಮಾತ್ರ ಮೀಸಲಲ್ಲ. ಒಪ್ಪಿಗೆ ಕೊಟ್ಟ ಮನೆಯವರಿಗೂ ಆಸ್ಪತ್ರೆಯ ಸಿಬ್ಬಂದಿಗೂ ಸಲ್ಲುತ್ತದೆ.

ಆದರೆ ‘ಕಾಯ್ದೆಗೆ ಅನುಸಾರವಾಗಿ’ ಎಂಬ ಷರತ್ತು ಹಗುರವಾದುದಲ್ಲ. ಮಿದುಳು ಕಾಂಡದ ಸಾವನ್ನು ನಾಲ್ವರು ವೈದ್ಯರ ಮಂಡಳಿ ದೃಢಪಡಿಸಬೇಕು. ಪರೀಕ್ಷೆ ಎರಡು ಸಲ ನಡೆಯಬೇಕು, ನಡುವೆ ಕನಿಷ್ಠ 6 ಗಂಟೆಯ ಅಂತರವಿರಬೇಕು. ಆಸ್ಪತ್ರೆ ನೋಂದಣಿಯಾಗಿರಬೇಕು, ಒಪ್ಪಿಗೆ ಬರಹದಲ್ಲಿರಬೇಕು. ದಾನಿ ರಸ್ತೆ ಅಪಘಾತದಲ್ಲಿ ಪೆಟ್ಟು ತಿಂದವನಾಗಿದ್ದರೆ ಮರಣೋತ್ತರ ಪರೀಕ್ಷೆಯ ವಿಧಿಗಳೂ ಸೇರಿಕೊಳ್ಳುತ್ತವೆ. ದುಃಖದಲ್ಲಿರುವ ಕುಟುಂಬಕ್ಕೆ ಈ ಕಾಗದಪತ್ರಗಳು ಕಿರಿಕಿರಿ ಎನಿಸುವುದು ಸಹಜ. ಮುಂದೆ ಯಾರಾದರೂ ಸಂಶಯ ಎತ್ತಿದಾಗ ವೈದ್ಯರನ್ನೂ ಕುಟುಂಬವನ್ನೂ ಕಾಯುವುದು ಈ ದಾಖಲೆಗಳೇ.

ಸದ್ಭಾವನೆ ಎಂದರೇನು ಎಂಬಲ್ಲಿ ನಿಜವಾದ ತೊಡಕಿದೆ. 1897ರ ಜನರಲ್ ಕ್ಲಾಸಸ್ ಕಾಯ್ದೆಯ ಪ್ರಕಾರ ಪ್ರಾಮಾಣಿಕವಾಗಿ ಮಾಡಿದ್ದೆಲ್ಲ ಸದ್ಭಾವನೆಯದೇ, ಅದರಲ್ಲಿ ಅಜಾಗರೂಕತೆ ಇದ್ದರೂ. ದಂಡಸಂಹಿತೆಯ (2024ರಿಂದ ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ) ಅಳತೆ ಇದಕ್ಕಿಂತ ಬಿಗಿ: ತಕ್ಕ ಎಚ್ಚರಿಕೆ, ಗಮನ ಇಲ್ಲದೆ ಮಾಡಿದ್ದನ್ನು ಅದು ಸದ್ಭಾವನೆಯದೆಂದು ಒಪ್ಪುವುದಿಲ್ಲ. ಹಾಗಾಗಿ ಶಸ್ತ್ರಕ್ರಿಯೆಯಲ್ಲಿನ ನಿರ್ಲಕ್ಷ್ಯಕ್ಕೆಲ್ಲ 23ನೇ ಸೆಕ್ಷನ್ ಮದ್ದೆಂದು ವೈದ್ಯರು ನಂಬಿ ಕೂರುವುದು ಸರಿಯಲ್ಲ.

ಅಂಗಾಂಗ ವ್ಯಾಪಾರಕ್ಕಂತೂ ಈ ರಕ್ಷಣೆ ಇಲ್ಲವೇ ಇಲ್ಲ. ಅದಕ್ಕೆ 5ರಿಂದ 10 ವರ್ಷ ಸೆರೆವಾಸ, 20 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ದಂಡ. ಅಧಿಕಾರವಿಲ್ಲದೆ ಅಂಗ ತೆಗೆದರೆ 10 ವರ್ಷದವರೆಗೆ ಸೆರೆವಾಸ, 20 ಲಕ್ಷದವರೆಗೆ ದಂಡ. ಇಂಥ ಅಪರಾಧವನ್ನು ನ್ಯಾಯಾಲಯ ವಿಚಾರಣೆಗೆ ಎತ್ತಿಕೊಳ್ಳಬೇಕಾದರೆ ಸಕ್ಷಮ ಪ್ರಾಧಿಕಾರವೋ ಅದು ಅಧಿಕಾರ ಕೊಟ್ಟ ಅಧಿಕಾರಿಯೋ ದೂರು ಕೊಡಬೇಕು. ಸಾಮಾನ್ಯ ನಾಗರಿಕರೂ ದೂರು ಕೊಡಬಹುದು, ಆದರೆ ಪ್ರಾಧಿಕಾರಕ್ಕೆ ಕನಿಷ್ಠ 60 ದಿನ ಮೊದಲೇ ನೋಟಿಸ್ ಕೊಟ್ಟಿರಬೇಕು.